ಸೋಂಕು ಬೇರೆ, ಸೂತಕ ಬೇರೆ
(ತುರ್ತು ಚಿಕಿತ್ಸಾಲಯದ ಜನದಟ್ಟಣೆಯನ್ನು ಕುರಿತು ಒಂದು ವಿಚಾರ)

ಕಷ್ಟ ಬಂದಾಗ ಮನುಷ್ಯನು ತಟ್ಟುವ ಬಾಗಿಲುಗಳು ಎರಡು. ಒಂದು ಮಠದ ಬಾಗಿಲು, ಇನ್ನೊಂದು ದವಾಖಾನೆಯ ಬಾಗಿಲು. ಎರಡೂ ಹಗಲಿರುಳೆನ್ನದೆ ತೆರೆದಿರಬೇಕಾದವು. ಎರಡೂ ಬಂದವರ ಕುಲಗೋತ್ರಗಳನ್ನು ಕೇಳದೆ ಒಳಗೆ ಬರಮಾಡಿಕೊಳ್ಳಬೇಕಾದವು. ಮೊದಲನೆಯ ಬಾಗಿಲಿನ ಹಿರಿಮೆಯನ್ನು ಇಂಥ ಸ್ಮರಣ ಸಂಚಿಕೆಗಳಲ್ಲಿ ಬಲ್ಲವರು ಬರೆಯುತ್ತಲೇ ಬಂದಿದ್ದಾರೆ. ಎರಡನೆಯ ಬಾಗಿಲಲ್ಲಿ ನಿತ್ಯವೂ ನಡೆಯುವ, ಆದರೆ ನಾವು ಗಮನಿಸದೆ ಬಿಟ್ಟಿರುವ ಒಂದು ಸಂಗತಿಯನ್ನು ಉಪಾಧ್ಯಾಯ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಮುಂದಿಡುವುದು ಈ ಲೇಖನದ ಉದ್ದೇಶ. ಗುಣವಾಗಲೆಂದು ಹೋದ ಸ್ಥಳದಲ್ಲಿಯೇ ಹೊಸ ರೋಗ ತಗಲುತ್ತದೆ ಎಂಬುದೇ ಆ ಸಂಗತಿ.

ವ್ಯಾಕರಣ, ಛಂದಸ್ಸುಗಳನ್ನು ಪಾಠ ಹೇಳುವವನಿಗೆ ವೈದ್ಯರ ಗೊಡವೆ ಏತಕ್ಕೆ ಎಂದು ಕೇಳಬಹುದು. ಉತ್ತರವಿಷ್ಟೇ. ಈ ಕೇಡಿಗೆ ಕಣ್ಣಿಗೆ ಕಾಣದ ಕ್ರಿಮಿಯು ಒಂದು ಕಾರಣವಾದರೆ, ನಾವು ತಪ್ಪಾಗಿ ತಿಳಿದಿರುವ ಎರಡು ಶಬ್ದಗಳು ಇನ್ನೊಂದು ಕಾರಣ. ಕ್ರಿಮಿಯ ವಿಚಾರವನ್ನು ವೈದ್ಯರು ನೋಡಿಕೊಳ್ಳುತ್ತಾರೆ. ಶಬ್ದದ ವಿಚಾರ ಪಂಡಿತನ ಪಾಲಿಗೆ ಬಂದದ್ದು.

೧. ಶಬ್ದವಿಚಾರ

'ಸೋಂಕು' ಎಂಬುದು ಅಚ್ಚಗನ್ನಡದ ಶಬ್ದ. ಮುಟ್ಟುವುದು, ತಾಗುವುದು ಎಂದು ಅದರ ಮೂಲಾರ್ಥ. ತಂಗಾಳಿ ಮೈಗೆ ಸೋಂಕಿತು ಎಂದರೆ ಅದು ಹಿತವಾದ ಸ್ಪರ್ಶ. ಶರಣರ ಮಾತಿನಲ್ಲಿ ಲಿಂಗದ ಸೋಂಕು ಎಂದರೆ ಅದು ಪಾವನವಾದ ಅನುಭವ. ಹಳ್ಳಿಗರ ಬಾಯಲ್ಲಿ ಗಾಳಿಸೋಂಕು ಎಂದರೆ ದೆವ್ವದ ಬಾಧೆ. ಇಂದಿನ ವೃತ್ತಪತ್ರಿಕೆಗಳಲ್ಲಿ ಸೋಂಕು ಎಂದರೆ ಒಬ್ಬರಿಂದೊಬ್ಬರಿಗೆ ರೋಗ ಹತ್ತುವುದು. ಪ್ರಯೋಗಗಳು ನಾಲ್ಕಾದರೂ ಬೇರು ಒಂದೇ, ತಾಗುವಿಕೆ. ತಾಗುವಿಕೆಗೆ ತನ್ನಷ್ಟಕ್ಕೆ ಪುಣ್ಯವೂ ಇಲ್ಲ, ಪಾಪವೂ ಇಲ್ಲ. ಏನು ತಾಗಿತು, ಎಲ್ಲಿ ತಾಗಿತು, ತಾಗಿದ ಮೇಲೆ ಏನು ಮಾಡಿದೆವು ಎಂಬುದರ ಮೇಲೆ ಫಲ ನಿಂತಿದೆ.

'ಸೂತಕ' ಎಂಬುದು ಸಂಸ್ಕೃತದಿಂದ ಬಂದದ್ದು. ಹೆರುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿ, ಮೊದಲು ಹೆರಿಗೆಯ ಮೈಲಿಗೆಯನ್ನು ಹೇಳಿ, ಆಮೇಲೆ ಸಾವಿನ ಮೈಲಿಗೆಗೂ ಹಬ್ಬಿತು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಹನ್ನೆರಡನೆಯ ಶತಮಾನದ ಶರಣರು ಅಲ್ಲಗಳೆದರು ಎಂಬುದು ಈ ಸಂಚಿಕೆಯ ಓದುಗರಿಗೆಲ್ಲ ವಿದಿತವೇ ಇದೆ. ಸೂತಕವು ವ್ಯಕ್ತಿಗೆ, ಮನೆಗೆ, ಕುಲಕ್ಕೆ ಅಂಟಿಸುವ ಹಣೆಪಟ್ಟಿ. ಅದನ್ನು ಪಂಚಾಂಗದ ದಿನಗಳಿಂದ ಎಣಿಸುತ್ತಾರೆ, ವಿಧಿಯಿಂದ ಕಳೆಯುತ್ತಾರೆ. ಸೋಂಕಾದರೋ ಕೈಯಿಂದ, ಹನಿಯಿಂದ, ಗಾಳಿಯಿಂದ ಬರುವ ಭೌತಿಕ ಸಂಗತಿ. ಅದನ್ನು ಸಾಬೂನಿನಿಂದ, ಬೆಳಕಿಂಡಿಯಿಂದ, ಅಂತರದಿಂದ ತಡೆಯುತ್ತಾರೆ. ಸೂತಕ ಕುಲವನ್ನು ಕೇಳುತ್ತದೆ, ಸೋಂಕು ಕೇಳುವುದಿಲ್ಲ.

ಈ ಎರಡನ್ನು ಬೆರೆಸಿದುದರಿಂದ ಎರಡು ಬಗೆಯ ಅನರ್ಥಗಳಾಗಿವೆ. ಸೋಂಕನ್ನೇ ಸೂತಕವೆಂದು ಬಗೆದವನು ರೋಗಿಯನ್ನು ದೂರ ತಳ್ಳುತ್ತಾನೆ. ತಳ್ಳಿಸಿಕೊಳ್ಳುವ ಭಯದಿಂದ ರೋಗಿಯು ರೋಗವನ್ನು ಬಚ್ಚಿಡುತ್ತಾನೆ. ಇದು ಮೊದಲನೆಯದು. ಸೂತಕವೇ ಸುಳ್ಳಾದ ಮೇಲೆ ಸೋಂಕಿನ ಎಚ್ಚರವೂ ಬೇಡವೆಂದು ಬಗೆದವನು, ನಮ್ಮವರು ತಮ್ಮವರೆನ್ನುತ್ತ ಇಪ್ಪತ್ತು ಜನರೊಡನೆ ರೋಗಿಯ ಮಂಚವನ್ನು ಮುತ್ತುತ್ತಾನೆ. ಇದು ಎರಡನೆಯದು. ಒಂದರಲ್ಲಿ ದಯೆಯಿಲ್ಲ, ಇನ್ನೊಂದರಲ್ಲಿ ವಿವೇಕವಿಲ್ಲ. ತುರ್ತು ಚಿಕಿತ್ಸಾಲಯದಲ್ಲಿ ಈ ಎರಡೂ ಒಂದೇ ಹೊತ್ತಿಗೆ ಕಾಣಸಿಗುತ್ತವೆ.

೨. ಸ್ಥಳವಿಚಾರ

ಕೃಷ್ಣೆಯ ದಡದ ನಮ್ಮ ಕುಡಚಿಯು ಮೀರಜ-ಬೆಳಗಾವಿ ರೈಲುದಾರಿಯ ಮೇಲಿರುವ ಊರು. ಅಥಣಿ, ರಾಯಬಾಗ, ಕಾಗವಾಡ, ಚಿಕ್ಕೋಡಿ, ನಿಪ್ಪಾಣಿಗಳ ಜನರಂತೆ ಇಲ್ಲಿಯ ಜನರೂ ಸಣ್ಣ ಬೇನೆಗೆ ಊರ ದವಾಖಾನೆಯನ್ನೂ, ದೊಡ್ಡ ಬೇನೆಗೆ ಉತ್ತರಕ್ಕೆ ಮೀರಜ, ಸಾಂಗಲಿಗಳನ್ನೂ, ದಕ್ಷಿಣಕ್ಕೆ ಬೆಳಗಾವಿಯನ್ನೂ ಆಶ್ರಯಿಸುತ್ತ ಬಂದವರು. ಮೀರಜದಲ್ಲಿ ವಿಲಿಯಂ ವಾನ್ಲೆಸ್ ಅವರು ೧೮೯೪ರಲ್ಲಿ ಕಟ್ಟಿದ ಮಿಶನ್ ಆಸ್ಪತ್ರೆಯು ಗಡಿಯ ಈಚೆಯ ಕನ್ನಡಿಗರಿಗೂ ತವರಿನಂತಿತ್ತು. ಬೆಳಗಾವಿಯಲ್ಲಿ ೧೯೧೬ರಲ್ಲಿ ಏಳು ಜನ ಶಿಕ್ಷಕರ ತ್ಯಾಗದಿಂದ ಮೊಳೆತ ಕೆ.ಎಲ್.ಇ. ಸಂಸ್ಥೆಯು ೧೯೬೩ರಲ್ಲಿ ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆಯಿತು. ೨೦೦೮ರ ನವೆಂಬರ್ ೧ರಿಂದ ನಮ್ಮ ರಾಜ್ಯದಲ್ಲಿ ೧೦೮ ಸಂಖ್ಯೆಯ ಆಂಬ್ಯುಲೆನ್ಸ್ ಓಡತೊಡಗಿತು. ದಾರಿ ಸುಗಮವಾಯಿತು, ಅದರೊಡನೆ ದವಾಖಾನೆಯ ಬಾಗಿಲಲ್ಲಿ ಜನವೂ ಹೆಚ್ಚಿತು.

ಕ್ಯಾಜುವಾಲ್ಟಿ ಎಂದು ಜನರು ಕರೆಯುವ ತುರ್ತು ಚಿಕಿತ್ಸಾ ವಿಭಾಗದ ಸ್ವರೂಪವನ್ನು ಒಮ್ಮೆ ನೆನೆಯಬೇಕು. ಕಬ್ಬಿನ ಟ್ರ್ಯಾಕ್ಟರಿನಿಂದ ಬಿದ್ದು ಕಾಲು ಮುರಿದವನು, ಹಾವು ಕಚ್ಚಿದವನು, ಎದೆನೋವಿನ ವೃದ್ಧ, ಹೆರಿಗೆಯ ನೋವಿನ ಹೆಣ್ಣುಮಗಳು, ಜ್ವರದಿಂದ ನಡುಗುವ ಕೂಸು, ತಿಂಗಳುಗಟ್ಟಲೆ ಕೆಮ್ಮುತ್ತಿರುವ ಕೂಲಿಕಾರ ಇವರೆಲ್ಲ ಒಂದೇ ಪಡಸಾಲೆಯಲ್ಲಿ ಸೇರುತ್ತಾರೆ. ವಾರ್ಡಿನಲ್ಲಿ ಮಲಗಿದವನ ರೋಗಕ್ಕೆ ಹೆಸರು ಸಿಕ್ಕಿರುತ್ತದೆ. ಅದಕ್ಕೆ ತಕ್ಕ ಎಚ್ಚರವನ್ನೂ ವಹಿಸಿರುತ್ತಾರೆ. ತುರ್ತು ವಿಭಾಗಕ್ಕೆ ಬಂದವನ ರೋಗಕ್ಕೆ ಇನ್ನೂ ಹೆಸರಿಲ್ಲ. ಅಲ್ಲಿ ಹೆಸರಿನ ಕೊರತೆ, ಸ್ಥಳದ ಕೊರತೆ, ಸಮಯದ ಕೊರತೆ ಎಂಬ ಮೂರೂ ಕೂಡಿವೆ. ಸೋಂಕಿಗೆ ಇದಕ್ಕಿಂತ ಅನುಕೂಲವಾದ ಕ್ಷೇತ್ರ ಇನ್ನೊಂದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು ೨೦೨೨ರಲ್ಲಿ ಹೊರಡಿಸಿದ ವರದಿಯ ಪ್ರಕಾರ, ಆಸ್ಪತ್ರೆ ಸೇರಿದ ಪ್ರತಿ ೧೦೦ ರೋಗಿಗಳಲ್ಲಿ ಸಿರಿವಂತ ದೇಶಗಳಲ್ಲಿ ೭ ಜನರಿಗೂ, ಮಧ್ಯಮ ಹಾಗೂ ಕಡಿಮೆ ವರಮಾನದ ದೇಶಗಳಲ್ಲಿ ೧೫ ಜನರಿಗೂ ಅಲ್ಲಿಯೇ ಹೊಸದೊಂದು ಸೋಂಕು ತಗಲುತ್ತದೆ. ಏಳಕ್ಕೂ ಹದಿನೈದಕ್ಕೂ ನಡುವಣ ಅಂತರವು ವಿಧಿಲಿಖಿತವಲ್ಲ. ಅದು ನೀರು, ಗಾಳಿ, ಸ್ಥಳ, ಶಿಸ್ತುಗಳ ಅಂತರ.

೩. ಮೂರು ದೃಷ್ಟಾಂತಗಳು

ಶಾಸ್ತ್ರವನ್ನು ದೃಷ್ಟಾಂತದಿಂದ ತಿಳಿಯಬೇಕೆಂಬುದು ಹಿರಿಯರ ಕ್ರಮ. ಮೊದಲನೆಯ ದೃಷ್ಟಾಂತ ನಮ್ಮ ನಾಡಿನದೇ. ೨೦೨೦ರ ಫೆಬ್ರವರಿ ಕೊನೆಯಲ್ಲಿ ಸೌದಿ ಅರೇಬಿಯಾದಿಂದ ಕಲಬುರಗಿಗೆ ಮರಳಿದ ೭೬ ವರ್ಷದ ವೃದ್ಧರೊಬ್ಬರು ಜ್ವರ, ಕೆಮ್ಮುಗಳಿಂದ ಬಳಲಿದರು. ಮೊದಲು ಮನೆಯಲ್ಲಿ ವೈದ್ಯರು ನೋಡಿದರು. ಆಮೇಲೆ ಕಲಬುರಗಿಯ ಆಸ್ಪತ್ರೆ, ಅಲ್ಲಿಂದ ಹೈದರಾಬಾದು, ಅಲ್ಲಿಂದ ಮರಳಿ ಕಲಬುರಗಿಯ ದಾರಿ. ಮಾರ್ಚ್ ೧೦ರಂದು ಅವರು ತೀರಿಕೊಂಡರು. ಪರೀಕ್ಷೆಯ ಫಲಿತಾಂಶ ಬಂದದ್ದು ಮಾರ್ಚ್ ೧೨ರಂದು. ಭಾರತದಲ್ಲಿ ಕೋವಿಡ್ ರೋಗದಿಂದ ಆದ ಮೊದಲ ಸಾವು ಅದೇ. ಅವರ ಮನೆಯವರಿಗೂ, ಮನೆಗೆ ಬಂದು ನೋಡಿದ ವೈದ್ಯರಿಗೂ ಸೋಂಕು ತಗಲಿದ್ದು ಬಳಿಕ ಗೊತ್ತಾಯಿತು. ಇಲ್ಲಿ ಯಾರನ್ನೂ ದೂರುವಂತಿಲ್ಲ. ರೋಗದ ಹೆಸರು ತಿಳಿಯುವುದಕ್ಕೆ ಮೊದಲೇ ರೋಗಿಯು ಹಲವು ಬಾಗಿಲುಗಳನ್ನು ದಾಟಿಯಾಗಿತ್ತು ಎಂಬುದಷ್ಟೇ ಇಲ್ಲಿ ಗ್ರಹಿಸತಕ್ಕ ಅಂಶ. ಹೆಸರು ತಿಳಿದ ಮೇಲೆ ಎಚ್ಚರಗೊಳ್ಳುವೆವೆಂದರೆ ಎಚ್ಚರಕ್ಕೆ ಹೊತ್ತು ಮೀರಿರುತ್ತದೆ.

ಎರಡನೆಯದು ನೆರೆಯ ಕೇರಳದ್ದು. ೨೦೧೮ರ ಮೇ ತಿಂಗಳಲ್ಲಿ ಕೋಳಿಕ್ಕೋಡು ಜಿಲ್ಲೆಯಲ್ಲಿ ನಿಪಾ ಎಂಬ ಭೀಕರ ಜ್ವರ ಕಾಣಿಸಿಕೊಂಡಿತು. ಮೊದಲ ರೋಗಿಗೆ ಎಲ್ಲಿಂದಲೋ ಬಂದ ಆ ರೋಗವು ಆಮೇಲೆ ಹಬ್ಬಿದ್ದು ಬಹುಪಾಲು ಆಸ್ಪತ್ರೆಗಳ ಒಳಗೇ. ಅಕ್ಕಪಕ್ಕದ ಮಂಚದವರು, ನೋಡಲು ಬಂದವರು, ಆರೈಕೆಗೆ ನಿಂತವರು ಅದಕ್ಕೆ ಸಿಕ್ಕಿದರು. ಪೇರಾಂಬ್ರದ ತಾಲೂಕು ಆಸ್ಪತ್ರೆಯಲ್ಲಿ ರೋಗಿಯ ಶುಶ್ರೂಷೆ ಮಾಡಿದ ದಾದಿ ಲಿನಿ ಪುದುಶ್ಶೇರಿ ಮೇ ೨೧ರಂದು ಪ್ರಾಣ ತೆತ್ತರು. ತನ್ನ ಕಾಯಕದಲ್ಲಿದ್ದಾಗಲೇ ಅಳಿದ ಆ ತಾಯಿಗೆ ನಾಡು ನಮಿಸಿತು. ಆದರೆ ನಮನ ಸಲ್ಲಿಸಿದವರ ಮೇಲೆ ಒಂದು ಋಣ ಉಳಿದಿದೆ. ಅದು ಇನ್ನೊಬ್ಬ ದಾದಿ ಹಾಗೆ ಅಳಿಯದಂತೆ ನೋಡಿಕೊಳ್ಳುವ ಋಣ.

ಮೂರನೆಯದು ದೂರದ ಕೊರಿಯಾ ದೇಶದ್ದು. ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಹತ್ತಿರವಾದದ್ದೂ ಅದೇ. ೨೦೧೫ರ ಮೇ ೨೭ರಂದು ಸೋಲ್ ನಗರದ ಹೆಸರಾಂತ ಆಸ್ಪತ್ರೆಯೊಂದರ ತುರ್ತು ವಿಭಾಗಕ್ಕೆ ಒಬ್ಬ ರೋಗಿ ಬಂದನು. ಬೇರೊಂದು ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಅವನಿಗೆ ಮೆರ್ಸ್ ಎಂಬ ಶ್ವಾಸರೋಗ ತಗಲಿತ್ತು; ಅದು ಯಾರಿಗೂ ತಿಳಿದಿರಲಿಲ್ಲ. ಮೇ ೨೯ರವರೆಗೆ ಅವನು ಜನರಿಂದ ಕಿಕ್ಕಿರಿದ ಆ ತುರ್ತು ವಿಭಾಗದಲ್ಲಿಯೇ ಕೆಮ್ಮುತ್ತಿದ್ದನು. ಅವನೊಬ್ಬನಿಂದ ೮೨ ಜನರಿಗೆ ರೋಗ ಹತ್ತಿತು. ಅವರಲ್ಲಿ ೩೩ ಜನ ರೋಗಿಗಳು, ೮ ಜನ ಆಸ್ಪತ್ರೆಯ ಸಿಬ್ಬಂದಿ, ಮಿಕ್ಕ ೪೧ ಜನ ರೋಗಿಗಳ ಜೊತೆಗೆ ಬಂದವರು ಮತ್ತು ನೋಡಲು ಬಂದವರು. ಆ ವರ್ಷ ಕೊರಿಯಾದ ಮೆರ್ಸ್ ಹಾವಳಿಯಲ್ಲಿ ೧೮೬ ಜನರಿಗೆ ರೋಗ ತಗಲಿ ೩೮ ಜನ ಮಡಿದರು.

ವಾಚಕರು ಈ ಲೆಕ್ಕವನ್ನು ಮತ್ತೊಮ್ಮೆ ನೋಡಬೇಕೆಂದು ಪ್ರಾರ್ಥನೆ. ಎಂಬತ್ತೆರಡರಲ್ಲಿ ನಲವತ್ತೊಂದು ಎಂದರೆ ಸರಿಯಾಗಿ ಅರ್ಧ. ಆ ಅರ್ಧದಷ್ಟು ಜನ ಚಿಕಿತ್ಸೆಗಾಗಿ ಬಂದವರಲ್ಲ, ಚಿಕಿತ್ಸೆ ಕೊಡಲು ನಿಂತವರೂ ಅಲ್ಲ. ಅವರು ಪ್ರೀತಿಯಿಂದ ಬಂದವರು. ಕೊರಿಯಾ ಸಿರಿವಂತ ದೇಶ. ಅಲ್ಲಿ ಔಷಧಕ್ಕೂ ಯಂತ್ರಕ್ಕೂ ಕೊರತೆಯಿರಲಿಲ್ಲ. ಆದರೂ ರೋಗಿಯ ಸುತ್ತ ಬಂಧುಗಳು ನೆರೆಯುವ ರೂಢಿ ನಮ್ಮಂತೆಯೇ ಅಲ್ಲಿಯೂ ಇತ್ತು. ಆ ಪೆಟ್ಟು ತಿಂದ ಮೇಲೆ ಆ ದೇಶವು ತುರ್ತು ವಿಭಾಗದ ಹೊಸ್ತಿಲಲ್ಲಿಯೇ ರೋಗಿಗಳನ್ನು ವಿಂಗಡಿಸುವ ಹಾಗೂ ಜೊತೆಗಾರರ ಸಂಖ್ಯೆಯನ್ನು ಮಿತಗೊಳಿಸುವ ಕಟ್ಟುಪಾಡುಗಳನ್ನು ಮಾಡಿತು.

೪. ಸೋಂಕಿನ ದಾರಿಗಳು

ಸೋಂಕು ಮುಖ್ಯವಾಗಿ ಮೂರು ದಾರಿಗಳಲ್ಲಿ ನಡೆಯುತ್ತದೆ. ಅವನ್ನು ಕೈಯ ದಾರಿ, ಹನಿಯ ದಾರಿ, ಗಾಳಿಯ ದಾರಿ ಎಂದು ಕರೆಯೋಣ.

ಕೈಯ ದಾರಿಯ ಕಥೆ ವಿಯೆನ್ನಾ ನಗರದ್ದು. ಅಲ್ಲಿಯ ದೊಡ್ಡ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ವೈದ್ಯರು, ವಿದ್ಯಾರ್ಥಿಗಳು ಶವಪರೀಕ್ಷೆ ಮಾಡಿದ ಕೈಗಳಿಂದಲೇ ಬಾಣಂತಿಯರನ್ನು ಮುಟ್ಟುತ್ತಿದ್ದರು. ೧೮೪೭ರ ಏಪ್ರಿಲ್‌ನಲ್ಲಿ ೧೦೦ ಬಾಣಂತಿಯರಲ್ಲಿ ೧೮ ಜನ ಸತ್ತರು. ಇಗ್ನಾಜ್ ಸೆಮ್ಮೆಲ್ವೈಸ್ ಎಂಬ ವೈದ್ಯನು ಮೇ ತಿಂಗಳಿನಿಂದ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟಳೆ ಮಾಡಿದನು. ಜೂನ್‌ನಲ್ಲಿ ಆ ಸಂಖ್ಯೆ ನೂರಕ್ಕೆ ಎರಡರ ಸುಮಾರಿಗೆ ಇಳಿಯಿತು. ಹೊಸ ಔಷಧವಿಲ್ಲ, ಹೊಸ ಕಟ್ಟಡವಿಲ್ಲ. ಒಂದು ಬೋಗುಣಿ ನೀರು, ಒಂದು ನಿಯಮ. ಆದರೂ ಅಂದಿನ ಘನವೈದ್ಯರನೇಕರು ಅವನ ಮಾತನ್ನು ಒಪ್ಪಲಿಲ್ಲ. ಗೌರವಸ್ಥರ ಕೈಗಳು ಕೊಳೆಯಾಗಿರುವುದೆಂದರೇನು ಎಂಬ ಅಭಿಮಾನ ಅಡ್ಡ ಬಂದಿತು. ಸೋಂಕನ್ನು ಸೂತಕವೆಂದು ಬಗೆಯುವ ಭ್ರಾಂತಿ ನಮ್ಮೊಬ್ಬರದೇ ಅಲ್ಲ ಎಂಬುದಕ್ಕೆ ಇದು ಸಾಕ್ಷಿ. ಕೈ ತೊಳೆಯಿರಿ ಎಂದುದನ್ನು ಅವರು ಅವಮಾನವೆಂದು ತಿಳಿದರು.

ಎರಡನೆಯದು ಹನಿಯ ದಾರಿ. ಕೆಮ್ಮಿದಾಗ, ಸೀನಿದಾಗ, ಗಟ್ಟಿಯಾಗಿ ಮಾತನಾಡಿದಾಗ ಬಾಯಿಂದ ಸಿಡಿಯುವ ದಪ್ಪ ಹನಿಗಳು ಬಹುಮಟ್ಟಿಗೆ ಒಂದೆರಡು ಮೀಟರಿನೊಳಗೆ ಕೆಳಕ್ಕೆ ಬೀಳುತ್ತವೆ. ಒಂದು ಬಾಕಿನ ಮೇಲೆ ಆರು ಜನ ಒತ್ತೊತ್ತಾಗಿ ಕುಳಿತ ಕಡೆ ಆ ಅಂತರ ಎಲ್ಲಿಂದ ಬರಬೇಕು? ಬಿದ್ದ ಹನಿಯು ಬಾಕಿನ ಮೇಲೆ, ಸ್ಟ್ರೆಚರಿನ ಹಿಡಿಕೆಯ ಮೇಲೆ ಉಳಿದು ಮತ್ತೆ ಕೈಯ ದಾರಿಯನ್ನು ಸೇರುತ್ತದೆ.

ಮೂರನೆಯದು ಗಾಳಿಯ ದಾರಿ. ಕ್ಷಯ, ದಡಾರ ಮುಂತಾದ ರೋಗಗಳ ಅತಿ ಸೂಕ್ಷ್ಮ ಕಣಗಳು ನೆಲಕ್ಕೆ ಬೀಳದೆ ಗಾಳಿಯಲ್ಲಿ ತೇಲುತ್ತವೆ. ದಡಾರದ ರೋಗಿಯು ಕೋಣೆಯನ್ನು ಬಿಟ್ಟು ಹೋದ ಮೇಲೂ ಎರಡು ಗಂಟೆಗಳವರೆಗೆ ಆ ಗಾಳಿ ಸೋಂಕು ತಗಲಿಸಬಲ್ಲುದು. ದೆವ್ವವೆಂದು ಹಳ್ಳಿಗರು ಅಂಜುತ್ತಿದ್ದ ಗಾಳಿಸೋಂಕು ಸುಳ್ಳಾಯಿತು. ಗಾಳಿಯಿಂದಲೇ ಹಬ್ಬುವ ನಿಜವಾದ ಸೋಂಕು ಉಳಿಯಿತು. ಇದಕ್ಕೆ ಮಂತ್ರವಾದಿ ಬೇಡ, ಕಿಟಕಿ ಬೇಕು. ಪೆರು ದೇಶದ ಲಿಮಾ ನಗರದ ಎಂಟು ಆಸ್ಪತ್ರೆಗಳಲ್ಲಿ ನಡೆದ ಪರಿಶೋಧನೆಯೊಂದು ೨೦೦೭ರಲ್ಲಿ ಪ್ರಕಟವಾಯಿತು. ಕಿಟಕಿ ಬಾಗಿಲುಗಳನ್ನು ತೆರೆದಿಟ್ಟರೆ ಯಂತ್ರದಿಂದ ಗಾಳಿಯಾಡಿಸುವ ಕೋಣೆಗಳಿಗಿಂತ ಎರಡು ಪಟ್ಟು ಮೀರಿ ಗಾಳಿ ಬದಲಾಗುತ್ತದೆಂದೂ, ೧೯೫೦ಕ್ಕೆ ಮುಂಚೆ ಕಟ್ಟಿದ ಎತ್ತರವಾದ ಮಾಡು, ದೊಡ್ಡ ಕಿಟಕಿಗಳುಳ್ಳ ಹಳೆಯ ಕಟ್ಟಡಗಳೇ ಈ ವಿಷಯದಲ್ಲಿ ಉತ್ತಮವೆಂದೂ ಅದು ತೋರಿಸಿತು. ಹಳೆಯ ಕಟ್ಟಡವನ್ನು ಕೆಡವಿ ಗಾಜಿನ ಗೋಡೆ ಎಬ್ಬಿಸಲು ಹೊರಟವರು ಈ ಮಾತನ್ನು ಮನಸ್ಸಿನಲ್ಲಿಡತಕ್ಕದ್ದು.

ಇವುಗಳ ಜೊತೆಗೆ ರಕ್ತದ ದಾರಿಯೊಂದುಂಟು. ಉಪಯೋಗಿಸಿದ ಸೂಜಿ ಚುಚ್ಚಿಕೊಂಡರೆ ಕಾಮಾಲೆಯ ಒಂದು ಬಗೆಯಾದ ಹೆಪಟೈಟಿಸ್-ಬಿ ತಗಲಬಹುದು. ಆ ವಿಷಾಣುವು ಒಣಗಿದ ರಕ್ತದಲ್ಲಿಯೂ ಏಳು ದಿನ ಬದುಕಬಲ್ಲುದು. ಅದಕ್ಕೆ ಮೂರು ಸಲದ ಲಸಿಕೆ ಇದೆ. ವೈದ್ಯರಿಗೆ ಮಾತ್ರವಲ್ಲ, ಸ್ಟ್ರೆಚರ್ ತಳ್ಳುವವರಿಗೂ, ನೆಲ ಒರೆಸುವವರಿಗೂ, ಕಸದ ಚೀಲ ಹೊರುವವರಿಗೂ ಆ ಲಸಿಕೆ ಮೊದಲು ಸಲ್ಲಬೇಕು. ಕಾಯಕದಲ್ಲಿ ಮೇಲು ಕೀಳಿಲ್ಲ ಎಂದವರ ವಾರಸುದಾರರು ನಾವು. ಸೂಜಿಗೂ ಆ ಭೇದವಿಲ್ಲ.

೫. ಹೊಸ್ತಿಲಿನ ಕಟ್ಟುಪಾಡು

ಈ ದಾರಿಗಳನ್ನು ಕಟ್ಟುವ ಉಪಾಯಗಳು ಬಲು ಸರಳವಾದವು. ಸರಳವಾದುದರಿಂದಲೇ ಅಸಡ್ಡೆಗೆ ಗುರಿಯಾದವು.

ಮೊದಲನೆಯದು ಹೊಸ್ತಿಲಿನ ಪ್ರಶ್ನೆ. ಒಳಗೆ ಬರುವ ಪ್ರತಿಯೊಬ್ಬರನ್ನೂ ಜ್ವರವಿದೆಯೆ, ಕೆಮ್ಮಿದೆಯೆ, ಎಷ್ಟು ದಿನಗಳಿಂದ, ಮೈಮೇಲೆ ಗುಳ್ಳೆಗಳೆದ್ದಿವೆಯೆ, ಪರಊರಿನಿಂದ ಬಂದಿರಾ ಎಂದು ಕೇಳಬೇಕು. ಕೆಮ್ಮುವವರಿಗೆ ಅಲ್ಲಿಯೇ ಮೂಗು ಬಾಯಿ ಮುಚ್ಚುವ ಮಾಸ್ಕ್ ಕೊಟ್ಟು, ಗಾಳಿಯಾಡುವ ಬೇರೆ ಸ್ಥಳದಲ್ಲಿ ಕೂರಿಸಿ, ಇತರರಿಗಿಂತ ಬೇಗ ನೋಡಿ ಕಳುಹಬೇಕು. ಬೇಗ ನೋಡುವುದು ಮುಖ್ಯವಾದದ್ದು. ಬೇರೆ ಕೂರಿಸಿ ಮರೆತುಬಿಟ್ಟರೆ ಅದು ಸೂತಕವಾಗುತ್ತದೆ. ಬೇರೆ ಕೂರಿಸಿ ಮೊದಲು ನೋಡಿದರೆ ಅದು ಸತ್ಕಾರವಾಗುತ್ತದೆ.

ಎರಡನೆಯದು ಕೈ. ಮದ್ಯಸಾರದ ದ್ರವದಿಂದಾದರೆ ೨೦ರಿಂದ ೩೦ ಸೆಕೆಂಡು, ಸಾಬೂನು ನೀರಿನಿಂದಾದರೆ ತೊಳೆದು ಒರೆಸಿಕೊಳ್ಳುವವರೆಗೆ ೪೦ರಿಂದ ೬೦ ಸೆಕೆಂಡು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೊಳೆ ಕಣ್ಣಿಗೆ ಕಾಣುವಂತಿದ್ದರೆ ಸಾಬೂನೇ ಬೇಕು. ರೋಗಿಯನ್ನು ಮುಟ್ಟುವ ಮುನ್ನ, ಗಾಯ ಕಟ್ಟುವಂಥ ಶುದ್ಧಕ್ರಿಯೆಯ ಮುನ್ನ, ಮೈಯ ದ್ರವಗಳು ತಾಗಿದ ನಂತರ, ರೋಗಿಯನ್ನು ಮುಟ್ಟಿದ ನಂತರ, ಅವನ ಸುತ್ತಲಿನ ವಸ್ತುಗಳನ್ನು ಮುಟ್ಟಿದ ನಂತರ ಎಂದು ಐದು ಸಂದರ್ಭಗಳನ್ನು ಗೊತ್ತುಮಾಡಿದ್ದಾರೆ. ಕೈಗವಸು ಹಾಕಿಕೊಂಡೆವೆಂದು ಕೈ ತೊಳೆಯುವುದನ್ನು ಬಿಡುವುದು ಸಲ್ಲದು. ಒಬ್ಬ ರೋಗಿಗೆ ಹಾಕಿದ ಕೈಗವಸಿನಿಂದ ಇನ್ನೊಬ್ಬನನ್ನು ಮುಟ್ಟುವುದಂತೂ ಸರ್ವಥಾ ಕೂಡದು.

ಮೂರನೆಯದು ಗಾಳಿ ಮತ್ತು ಅಂತರ. ಎದುರುಬದುರಾದ ಕಿಟಕಿಗಳನ್ನು ತೆರೆದಿಡಬೇಕು. ಅವುಗಳಿಗೆ ಅಡ್ಡಲಾಗಿ ಕಪಾಟುಗಳನ್ನು ನಿಲ್ಲಿಸಬಾರದು. ಕಾಯುವವರನ್ನು ಒಳಪಡಸಾಲೆಯ ಬದಲು ನೆರಳಿರುವ ಬಯಲಿನಲ್ಲಿ ಕೂರಿಸಬೇಕು.

ನಾಲ್ಕನೆಯದು ವಸ್ತುಶುದ್ಧಿ. ಒಬ್ಬ ರೋಗಿ ಇಳಿದ ಸ್ಟ್ರೆಚರನ್ನು ಒರೆಸದೆ ಇನ್ನೊಬ್ಬನನ್ನು ಮಲಗಿಸಬಾರದು. ಸೂಜಿಯನ್ನು ಉಪಯೋಗಿಸಿದ ಕೂಡಲೆ, ಮತ್ತೆ ಮುಚ್ಚಳ ಹಾಕಲು ಹೋಗದೆ, ಗಟ್ಟಿಯಾದ ಡಬ್ಬಿಗೆ ಹಾಕಬೇಕು. ಆಸ್ಪತ್ರೆಯ ಕಸವನ್ನು ಬಣ್ಣಬಣ್ಣದ ಚೀಲ, ಡಬ್ಬಿಗಳಲ್ಲಿ ಬೇರ್ಪಡಿಸಬೇಕೆಂದು ೨೦೧೬ರ ನಿಯಮಾವಳಿ ವಿಧಿಸಿದೆ.

ಐದನೆಯದು ಒಬ್ಬ ರೋಗಿಗೆ ಒಬ್ಬ ಜೊತೆಗಾರ. ಈ ಒಂದು ಉಪಾಯ ಮಾತ್ರ ವೈದ್ಯರ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿದೆ.

೬. ಆಕ್ಷೇಪ, ಸಮಾಧಾನ

ಇಲ್ಲಿ ಒಂದು ಪೂರ್ವಪಕ್ಷ ಏಳುತ್ತದೆ. ಬೇರೆ ಕೂರಿಸುವುದು, ಮುಖ ಮುಚ್ಚಿಸುವುದು, ಕೈಗವಸಿಲ್ಲದೆ ಮುಟ್ಟದಿರುವುದು ಇವು ಹಿಂದಿನ ಅಸ್ಪೃಶ್ಯತೆ ಬಿಳಿಯಂಗಿ ತೊಟ್ಟು ಮರಳಿ ಬಂದಂತಲ್ಲವೆ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳುವಂತಿಲ್ಲ. ೨೦೨೦ರ ಏಪ್ರಿಲ್‌ನಲ್ಲಿ ನಮ್ಮ ಕುಡಚಿಯಲ್ಲಿ ಕೋವಿಡ್ ಕಾಣಿಸಿಕೊಂಡು ಊರಿಗೆ ಊರೇ ಮುಚ್ಚಿದ ದಿನಗಳನ್ನು ಕಂಡವರು ನಾವು. ರೋಗ ಬಂದ ಮನೆಯನ್ನು, ಬೀದಿಯನ್ನು, ಊರನ್ನು, ಸಮುದಾಯವನ್ನು ಬೆರಳು ಮಾಡಿ ತೋರಿಸುವ ಚಾಳಿ ಅಂದು ದೇಶದಲ್ಲೆಲ್ಲ ಕಂಡುಬಂದಿತು. ರೋಗವು ಒಂದು ಪಂಥದ್ದೆಂಬಂತೆ ಮಾತನಾಡಿದವರೂ ಇದ್ದರು. ಅದು ಸೋಂಕಿನ ತಡೆಯಾಗಿರಲಿಲ್ಲ, ಹೊಸ ಸೂತಕದ ಸೃಷ್ಟಿಯಾಗಿತ್ತು. ಹಾಗೆ ಬೆರಳು ಮಾಡಿದ್ದರಿಂದ ಜ್ವರ ಬಂದವನು ದವಾಖಾನೆಗೆ ಹೋಗಲು ಅಂಜಿದನೇ ಹೊರತು ಒಂದು ಕ್ರಿಮಿಯೂ ಸಾಯಲಿಲ್ಲ.

ಸಿದ್ಧಾಂತವನ್ನು ವೈದ್ಯಶಾಸ್ತ್ರವೇ ಹೇಳಿದೆ. ಏಡ್ಸ್ ರೋಗದ ಭಯವು ಲೋಕವನ್ನು ಆವರಿಸಿದ್ದ ೧೯೮೦ರ ದಶಕದಲ್ಲಿ, ಯಾರ ರಕ್ತದಲ್ಲಿ ರೋಗವಿದೆ ಎಂದು ಹುಡುಕುತ್ತ ಕೂರದೆ, ಪ್ರತಿಯೊಬ್ಬರ ರಕ್ತವನ್ನೂ ಒಂದೇ ಎಚ್ಚರದಿಂದ ನಿರ್ವಹಿಸಬೇಕೆಂಬ ಸೂತ್ರವನ್ನು ಅಮೆರಿಕದ ತಜ್ಞರು ರೂಪಿಸಿದರು. ಅದೇ ಮುಂದೆ ಎಲ್ಲ ರೋಗಿಗಳಿಗೂ ಎಲ್ಲ ಕಾಲಕ್ಕೂ ಅನ್ವಯಿಸುವ ಸಾಮಾನ್ಯ ನಿಯಮವಾಗಿ ಬೆಳೆಯಿತು. ಸಾಹುಕಾರ ಬಂದರೂ ಕೈಗವಸು, ಕೂಲಿಕಾರ ಬಂದರೂ ಕೈಗವಸು. ಸ್ವಾಮಿಗಳು ಕೆಮ್ಮಿದರೂ ಮಾಸ್ಕ್, ಸೇವಕನು ಕೆಮ್ಮಿದರೂ ಮಾಸ್ಕ್. ಅಸ್ಪೃಶ್ಯತೆಯ ಲಕ್ಷಣ ಭೇದ. ಈ ನಿಯಮದ ಲಕ್ಷಣ ಅಭೇದ. ಅಸ್ಪೃಶ್ಯತೆ ಮುಟ್ಟದಿರುವುದಕ್ಕೆ ನೆಪ ಹುಡುಕುತ್ತದೆ. ಈ ನಿಯಮ ಎಲ್ಲರನ್ನೂ ನಿರ್ಭಯವಾಗಿ ಮುಟ್ಟುವುದಕ್ಕೆ ದಾರಿ ಮಾಡುತ್ತದೆ. ಆದುದರಿಂದ ನಿಯಮವನ್ನು ಆರಿಸಿ ಆರಿಸಿ ಅನ್ವಯಿಸಿದ ಕ್ಷಣಕ್ಕೆ ಅದು ಸೂತಕವಾಗುತ್ತದೆ, ಎಲ್ಲರಿಗೂ ಸಮನಾಗಿ ಅನ್ವಯಿಸಿದಾಗ ಮಾತ್ರ ಸೋಂಕಿನ ತಡೆಯಾಗುತ್ತದೆ.

ಎರಡನೆಯ ಆಕ್ಷೇಪ ಬಂಧುಪ್ರೇಮದ್ದು. ಬೇನೆಬಿದ್ದವನನ್ನು ಒಬ್ಬನೇ ಬಿಟ್ಟು ಹೊರಗೆ ನಿಲ್ಲುವುದು ನಮ್ಮ ಕಡೆಯ ಸಂಪ್ರದಾಯವೆ ಎಂದು ಕೇಳುತ್ತಾರೆ. ಸಂಪ್ರದಾಯವನ್ನೇ ಕೇಳುವುದಾದರೆ ಅದಕ್ಕೂ ಉತ್ತರವಿದೆ. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಅಂದಿನ ಮುಂಬಯಿ ಪ್ರಾಂತದೊಳಗಿದ್ದ ನಮ್ಮ ಸೀಮೆಗೂ ಹಬ್ಬಿದಾಗ, ಜನರು ಊರನ್ನು ಬಿಟ್ಟು ಹೊಲಗಳಲ್ಲಿ ದೂರದೂರಕ್ಕೆ ಗುಡಿಸಲು ಹಾಕಿಕೊಂಡು ಇದ್ದ ಮಾತನ್ನು ಹಿರಿಯರು ಹೇಳುತ್ತಿದ್ದರು. ಒಬ್ಬರನ್ನೊಬ್ಬರು ತೊರೆದು ಅವರು ಹಾಗೆ ಹೋಗಲಿಲ್ಲ, ಉಳಿಸಿಕೊಳ್ಳಲು ಹೋದರು. ದೂರ ನಿಲ್ಲುವುದೂ ಪ್ರೀತಿಯ ಒಂದು ರೂಪವೆಂದು ಅಕ್ಷರ ಬಾರದ ಆ ಹಿರಿಯರಿಗೆ ತಿಳಿದಿತ್ತು. ಒಬ್ಬನು ಒಳಗಿರಲಿ, ಮಿಕ್ಕವರು ಹೊರಗಿರಲಿ ಎಂದರೆ ರೋಗಿಯನ್ನು ಒಂಟಿಯಾಗಿ ಬಿಟ್ಟಂತಲ್ಲ. ವೈದ್ಯನಿಗೆ ನಡೆದಾಡಲು ಸ್ಥಳ, ರೋಗಿಗೆ ಉಸಿರಾಡಲು ಗಾಳಿ ಕೊಟ್ಟಂತೆ.

೭. ನಮ್ಮ ಕರ್ತವ್ಯ

ಹೊರಗೆ ಇರಿ ಎಂದು ಹೇಳುವುದು ಸುಲಭ. ಆದರೆ ಹೊರಗೆ ಎಲ್ಲಿ ಇರಬೇಕು? ಇಪ್ಪತ್ತು ಹರದಾರಿ ದೂರದಿಂದ ಬಂದ ರೈತನ ಮನೆಯವರಿಗೆ ದವಾಖಾನೆಯ ಹೊರಗೆ ನೆರಳಿಲ್ಲ, ನೀರಿಲ್ಲ, ರಾತ್ರಿ ತಲೆ ಊರಲು ಸ್ಥಳವಿಲ್ಲ. ಒಳಗಿನ ಸುದ್ದಿ ಹೇಳುವವರಿಲ್ಲ. ಆದುದರಿಂದ ಅವರು ಒಳಗೆ ನುಗ್ಗುತ್ತಾರೆ. ಅವರನ್ನು ಕಾವಲುಗಾರನ ಕೋಲಿನಿಂದ ತಡೆಯುವುದು ಉಪಾಯವಲ್ಲ. ಇಲ್ಲಿಯೇ ಮಠಗಳ ದಾಸೋಹ ಪರಂಪರೆಗೆ ಒಂದು ಹೊಸ ಕ್ಷೇತ್ರ ಕಾದಿದೆ. ತಾಲೂಕು, ಜಿಲ್ಲಾ ಆಸ್ಪತ್ರೆಗಳ ಆವರಣದಲ್ಲಿ ನಾಲ್ಕೂ ಕಡೆ ತೆರೆದ ಒಂದು ಚಪ್ಪರ, ಕುಡಿಯುವ ನೀರು, ಕೈ ತೊಳೆಯುವ ನಲ್ಲಿಗಳ ಸಾಲು, ಎರಡು ಹೊತ್ತಿನ ಪ್ರಸಾದ, ಗಂಟೆಗೊಮ್ಮೆ ಒಳಗಿನ ಸುದ್ದಿ ತಂದು ಹೇಳುವ ಒಬ್ಬ ಸೇವಾಕರ್ತ ಇಷ್ಟಿದ್ದರೆ ತುರ್ತು ವಿಭಾಗದ ಅರ್ಧ ದಟ್ಟಣೆ ತಾನಾಗಿಯೇ ಹೊರಗೆ ಬರುವುದು. ದಾನಿಗಳು ಅಮೃತಶಿಲೆಯ ನೆಲಹಾಸಿಗೆ, ಹೆಸರು ಕೆತ್ತಿದ ಕಮಾನಿಗೆ ಕೊಡುವ ಹಣದ ಒಂದು ಪಾಲನ್ನು ಇದಕ್ಕೆ ಎತ್ತಿಟ್ಟರೆ ಅದು ನಿಜವಾದ ಪ್ರಾಣದಾನವಾದೀತು. ನಲ್ಲಿಯ ಮೇಲೆಯೂ ಹೆಸರು ಕೆತ್ತಿಸಲು ಅಡ್ಡಿಯಿಲ್ಲ.

ಉಪಾಧ್ಯಾಯ ಬಂಧುಗಳ ಪಾಲಿನ ಕೆಲಸ ತರಗತಿಯಲ್ಲಿಯೇ ಇದೆ. ಮಧ್ಯಾಹ್ನದ ಊಟಕ್ಕೆ ಮುಂಚೆ ಮಕ್ಕಳು ಸಾಲಾಗಿ ನಿಂತು ಸಾಬೂನಿನಿಂದ ಕೈ ತೊಳೆಯುವುದನ್ನು ಪ್ರಾರ್ಥನೆಯಷ್ಟೇ ನಿಷ್ಠೆಯಿಂದ ನಡೆಸಬೇಕು. ಕೆಮ್ಮುವಾಗ ಮೊಳಕೈಯನ್ನು ಅಡ್ಡ ಹಿಡಿಯುವುದನ್ನು, ಜ್ವರ ಬಂದರೆ ಬಚ್ಚಿಡದೆ ಹೇಳುವುದನ್ನು ಕಲಿಸಬೇಕು. ಹಾಗೆ ಹೇಳಿದ ಮಗುವನ್ನು ಇತರರು ಹಂಗಿಸದಂತೆ ನೋಡಿಕೊಳ್ಳುವುದು ಅದಕ್ಕಿಂತ ಮುಖ್ಯ. ದಡಾರದ ಲಸಿಕೆ ಎರಡೂ ಸಲ ಬಿದ್ದಿದೆಯೆ ಎಂದು ತಾಯಿತಂದೆಗಳನ್ನು ವಿಚಾರಿಸಬೇಕು. ಹತ್ತನೆಯ ವಯಸ್ಸಿನಲ್ಲಿ ಕಲಿತದ್ದನ್ನು ನಲವತ್ತನೆಯ ವಯಸ್ಸಿನಲ್ಲಿ ದವಾಖಾನೆಯ ಪಡಸಾಲೆಯಲ್ಲಿ ಅವರು ನೆನೆದಾರು.

ವೈದ್ಯರೋ ದಾದಿಯರೋ ಆಗಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ. ರೋಗಿಯ ಬಂಧುಗಳಿಗೆ ನಿಯಮದ ಜೊತೆಗೆ ಕಾರಣವನ್ನೂ ಕನ್ನಡದಲ್ಲಿ, ಅವರ ಮಾತಿನಲ್ಲಿ ಹೇಳಬೇಕು. ಹೊರಗೆ ನಡೆಯಿರಿ ಎಂಬ ಮಾತು ಸೂತಕದಂತೆ ಕೇಳಿಸುತ್ತದೆ. ನಿಮ್ಮ ಅಪ್ಪನಿಗೆ ಇನ್ನೊಂದು ರೋಗ ಹತ್ತಬಾರದು, ನಿಮ್ಮ ಕೂಸಿಗೂ ಹತ್ತಬಾರದು, ಆದುದರಿಂದ ಒಬ್ಬರು ಇರಿ ಎಂದರೆ ಅದೇ ಮಾತು ಕಳಕಳಿಯಂತೆ ಕೇಳಿಸುತ್ತದೆ. ಶಬ್ದವನ್ನು ಸರಿಯಾಗಿ ಬಳಸಿದರೆ ಅರ್ಧ ಚಿಕಿತ್ಸೆಯಾಯಿತು.

ಶರಣರು ಸೂತಕವನ್ನು ಕಳೆದು ನಮ್ಮ ಕೈಗಳಿಗೆ ಸ್ವಾತಂತ್ರ್ಯವನ್ನು ಕೊಟ್ಟರು. ಯಾರನ್ನಾದರೂ ಮುಟ್ಟಬಹುದು, ಯಾರ ಸೇವೆಯನ್ನಾದರೂ ಮಾಡಬಹುದು ಎಂಬ ಆ ಸ್ವಾತಂತ್ರ್ಯ ದೊಡ್ಡದು. ಆ ಕೈಗಳನ್ನು ತೊಳೆದುಕೊಂಡು ಮುಟ್ಟುವುದು ಆ ಸ್ವಾತಂತ್ರ್ಯದ ಮರ್ಯಾದೆ. ಈ ವಿಚಾರದಲ್ಲಿ ಹಂಸಕ್ಷೀರನ್ಯಾಯದಿಂದ ಸಾರವನ್ನು ಗ್ರಹಿಸಿ, ಕೊರತೆಯಿದ್ದರೆ ತಿದ್ದಿ, ಕಾರ್ಯಕ್ಕೆ ತೊಡಗಬೇಕೆಂದು ಸಹೃದಯರಲ್ಲಿ ಅರಿಕೆ.